ಹನ್ನೊಂದು ತಿಂಗಳ ವಿಳಾಸ

ಊರಿನಿಂದ ಮುಂಬಯಿಗೆ ಬಂದವನಿಗೆ ಹೇಗೋ ಒಂದು ಕೆಲಸ ಸಿಗುತ್ತದೆ. "ಎಲ್ಲಿ ವಾಸ?" ಎಂಬ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಕೊಡುವುದೇ ಕಷ್ಟ. ಬ್ಯಾಂಕಿನ ಕೌಂಟರ್, ಗ್ಯಾಸ್ ಏಜೆನ್ಸಿ, ಮಕ್ಕಳ ಶಾಲೆ, ಮತದಾರರ ಪಟ್ಟಿ, ಎಲ್ಲೆಡೆ ಮೊದಲು ಕೇಳುವುದು ವಿಳಾಸದ ಪುರಾವೆಯನ್ನೇ. ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಖೋಲಿ ಹಿಡಿದ ಸಂಸಾರದ ಕೈಯಲ್ಲಿರುವುದು ಕುಂದಾಪುರದ ಅಥವಾ ಕಲಬುರಗಿಯ ವಿಳಾಸದ ಆಧಾರ್ ಕಾರ್ಡು ಮತ್ತು ಸ್ಟಾಂಪ್ ಪೇಪರಿನ ಮೇಲೆ ನೋಟರಿ ಮಾಡಿಸಿದ ಹನ್ನೊಂದು ತಿಂಗಳ ಕರಾರು.

ಈ ಹನ್ನೊಂದರ ಲೆಕ್ಕ ಹಳೆಯದು. ಒಂದು ವರ್ಷ ಮೀರಿದ ಲೀಸನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ ಒಂದು ತಿಂಗಳು ಕಡಿಮೆ ಬರೆದು ಪಾರಾಗುವ ಜಾಣತನ ಅದು. ಮಹಾರಾಷ್ಟ್ರದಲ್ಲಿ ಮಾತ್ರ ಈ ಜಾಣತನ ನಡೆಯದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನಂತೆ ಲೀವ್ ಎಂಡ್ ಲೈಸೆನ್ಸ್ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ನೋಂದಾಯಿಸುವ ಹೊಣೆ ಮನೆ ಮಾಲಕರದ್ದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಖರ್ಚಿನ ನೆಪವೂ ನಿಲ್ಲುವುದಿಲ್ಲ. ಸ್ಟಾಂಪ್ ಶುಲ್ಕ ಶೇ. 0.25. ತಿಂಗಳಿಗೆ 15,000 ಬಾಡಿಗೆಯಾದರೆ ಹನ್ನೊಂದು ತಿಂಗಳಿಗೆ 1,65,000. ಅದರ ಮೇಲಿನ ಶುಲ್ಕ ನಾನೂರು ಚಿಲ್ಲರೆ. ಡಿಪಾಸಿಟ್ ಲೆಕ್ಕಕ್ಕೆ ಸ್ವಲ್ಪ ಸೇರುತ್ತದೆ, ನಗರದಲ್ಲಿ ನೋಂದಣಿ ಶುಲ್ಕ 1,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯನ್ನು ಮಾತಿಲ್ಲದೆ ಎಣಿಸಿಕೊಡುವವರು ಇಷ್ಟಕ್ಕೆ ಏಕೆ ಹಿಂದೆಗೆಯುತ್ತಾರೆ? ಆದಾಯ ತೆರಿಗೆಯ ಭಯ ಒಂದು, ಬಾಡಿಗೆದಾರ ಮನೆಯನ್ನೇ ನುಂಗಿಯಾನೆಂಬ ಭಯ ಇನ್ನೊಂದು. ಎರಡನೆಯದು ತಲೆಕೆಳಗಾದ ಭಯ. ಅವಧಿ ಮುಗಿದರೂ ಖೋಲಿ ಬಿಡದವನಿಂದ ಇಮ್ಮಡಿ ದರದಲ್ಲಿ ನಷ್ಟ ವಸೂಲು ಮಾಡಲು ಅದೇ ಕಾಯಿದೆಯ 24ನೇ ಕಲಮು ಅವಕಾಶ ಕೊಡುತ್ತದೆ. ಕರಾರು ನೋಂದಣಿಯಾಗದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಮೇಲಾಗುತ್ತದೆ, ಅಲ್ಲವೆಂದು ಮಾಲಕ ರುಜುವಾತು ಮಾಡುವ ತನಕ.

ಇಂಥ ಮಾಲಕರಲ್ಲಿ ಕನ್ನಡಿಗರೂ ಇದ್ದಾರೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. "ನಮ್ಮೂರಿನವನೇ ಅಲ್ಲವೇ, ಕಾಗದ ಪತ್ರ ಯಾಕೆ?" ಎಂಬ ಮಾತಿನಲ್ಲಿ ವಿಶ್ವಾಸವಿದೆ, ನಿಜ. ಆದರೆ ಆ ವಿಶ್ವಾಸವನ್ನು ಗ್ಯಾಸ್ ಏಜೆನ್ಸಿಯಲ್ಲಿ ತೋರಿಸಲು ಬರುವುದಿಲ್ಲ. ಆಗ ಬಾಡಿಗೆದಾರ ಕಾಂದಿವಲಿಯ ಮಾವನ ವಿಳಾಸ ಬರೆಸುತ್ತಾನೆ. ಎಟಿಎಂ ಕಾರ್ಡು, ನೋಟೀಸು ಎಲ್ಲ ಮಾವನ ಮನೆಗೆ ಹೋಗಿ ಬೀಳುತ್ತವೆ. ಇಲ್ಲವೇ ಸ್ಟೇಶನ್ ಪಕ್ಕದ ಏಜೆಂಟನಿಂದ ಖೊಟ್ಟಿ ಕರಾರು ಮಾಡಿಸಿ ತಾನೇ ಅಪರಾಧಿಯಾಗುತ್ತಾನೆ.

ಹೋಟೆಲಿನ ಅಟ್ಟದಲ್ಲೋ ಕಟ್ಟಡದ ಸೈಟಿನಲ್ಲೋ ಮಲಗುವವರಿಗೆ ಕರಾರೇ ಇಲ್ಲ. ಹೋಟೆಲ್ ಮಾಲಕರು ಬರೆದುಕೊಟ್ಟ ಪತ್ರವನ್ನು ಬ್ಯಾಂಕು ವಿಳಾಸದ ಪುರಾವೆಯಾಗಿ ಒಪ್ಪುವುದಿಲ್ಲ. ಆದರೂ ಖಾತೆಯ ದಾರಿ ಮುಚ್ಚಿಲ್ಲ. ಆಧಾರ್ ಇ-ಕೆವೈಸಿ ಮಾಡಿಸಿದವರು ಈಗಿನ ವಿಳಾಸ ಬೇರೆಯಿದ್ದರೆ ಸ್ವಯಂ ಘೋಷಣೆ ಬರೆದುಕೊಟ್ಟರೆ ಸಾಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೌಂಟರಿನ ಆಚೆ ಕುಳಿತವರಿಗೂ ಕೆಲವೊಮ್ಮೆ ಇದನ್ನು ನೆನಪಿಸಬೇಕಾಗುತ್ತದೆ! ಊರಿನ ರೇಶನ್ ಕಾರ್ಡಿನ ಧಾನ್ಯವನ್ನೂ ಹೆಬ್ಬೆಟ್ಟು ಒತ್ತಿ ಇಲ್ಲಿಯೇ ಪಡೆಯಬಹುದು. 2022ರಿಂದ ಈ ಸೌಲಭ್ಯ ಎಲ್ಲ ರಾಜ್ಯಗಳಲ್ಲಿದೆ.

ಮತದಾರರ ಪಟ್ಟಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಊರಿನಲ್ಲಿ ಮನೆಯಿದೆ ಎಂಬ ಮಾತ್ರಕ್ಕೆ ಅಲ್ಲಿನ ನಿವಾಸಿ ಎನಿಸಿಕೊಳ್ಳುವುದಿಲ್ಲ, ಇಲ್ಲಿ ಮನೆಯಿಲ್ಲ ಎಂಬ ಮಾತ್ರಕ್ಕೆ ಹಕ್ಕು ತಪ್ಪುವುದೂ ಇಲ್ಲ; ನೋಡುವುದು ಸಾಮಾನ್ಯ ವಾಸವನ್ನು. ಸೂರಿಲ್ಲದವರ ಅರ್ಜಿ ಬಂದಾಗ ಬೂತ್ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವರು ಅಲ್ಲಿಯೇ ಮಲಗುತ್ತಾರೆಯೇ ಎಂದು ಕಣ್ಣಾರೆ ನೋಡಬೇಕೆಂಬುದು ಚುನಾವಣಾ ಆಯೋಗದ ಕ್ರಮ. ಅದಕ್ಕೆ ಬೇರೆ ದಾಖಲೆ ಬೇಕಿಲ್ಲ. ಹೊಸಬರಿಗೆ ಫಾರ್ಮ್ 6, ಊರಿನ ಹೆಸರನ್ನು ಇಲ್ಲಿಗೆ ತರುವವರಿಗೆ ಫಾರ್ಮ್ 8. ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ವಾರ್ಷಿಕೋತ್ಸವಕ್ಕೆ ಸಭಾಗೃಹ ತುಂಬಿಸುವ ಸಂಘ-ಸಂಸ್ಥೆಗಳು ತಿಂಗಳಿಗೊಂದು ಆದಿತ್ಯವಾರ ಕಚೇರಿಯ ಬಾಗಿಲು ತೆರೆದು ಈ ಫಾರ್ಮುಗಳನ್ನು ತುಂಬಿಸಿಕೊಡಬಹುದು. ನಿವೃತ್ತ ಬ್ಯಾಂಕ್ ನೌಕರರು ಪ್ರತಿ ಸಂಘದಲ್ಲೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ತಮ್ಮ ಫ್ಲ್ಯಾಟ್ ಬಾಡಿಗೆಗೆ ಕೊಟ್ಟ ಪದಾಧಿಕಾರಿಗಳು ಸ್ವಂತ ಕರಾರಿನ ನೋಂದಣಿಯನ್ನು ಅದಕ್ಕೂ ಮೊದಲು ಮುಗಿಸಲಿ.