ಹಪ್ಪಳದ ಬಿಸಿಲು

ಶಾಲೆಗೆ ರಜೆ ಸಿಕ್ಕಿದ ಕೂಡಲೇ ತಾಯಂದಿರು ಉತ್ತರಿಸಬೇಕಾದ ಪ್ರಶ್ನೆಯೊಂದುಂಟು: "ಮಕ್ಕಳನ್ನು ಯಾವ ಶಿಬಿರಕ್ಕೆ ಹಾಕಿದ್ರಿ?" ಬಸ್ಸಿನಲ್ಲಿ ಸಿಕ್ಕಿದವರೂ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. "ಎಲ್ಲಿಗೂ ಇಲ್ಲ, ಮನೆಯಲ್ಲೇ ಇದ್ದಾರೆ" ಎಂದರೆ ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಪಾಪ, ಮಕ್ಕಳ ರಜೆ ದಂಡವಾಯಿತಲ್ಲ ಎಂಬ ಕನಿಕರ.

ಶಿಬಿರಗಳ ಮೇಲೆ ನನಗೇನೂ ಮುನಿಸಿಲ್ಲ. ಮಕ್ಕಳು ಆಡುತ್ತ, ಹಾಡುತ್ತ ಕಲಿಯಬೇಕೆಂದು ಶಿವರಾಮ ಕಾರಂತರು ಬಾಲವನ ಕಟ್ಟಿದ್ದು ನಮ್ಮ ಪುತ್ತೂರಿನ ಪರ್ಲಡ್ಕದಲ್ಲೇ. ಅಂಥ ಸೀಮೆಯಲ್ಲಿ ಕುಳಿತು ಶಿಬಿರ ಬೇಡವೆನ್ನುವುದು ಹೇಗೆ? ಆದರೆ ಅಬಾಕಸ್, ಕೋಡಿಂಗ್, ವ್ಯಕ್ತಿತ್ವ ವಿಕಸನ ಎಂದು ಬೆಳಗ್ಗೆ ಹೊರಟು ಸಂಜೆ ಬರುವ ಮಗುವಿಗೆ ಶಾಲೆಗೂ ರಜೆಗೂ ಇರುವ ವ್ಯತ್ಯಾಸ ಸಮವಸ್ತ್ರವೊಂದೇ.

ಕುಂಬ್ರ ಪೇಟೆಯಿಂದ ಸ್ವಲ್ಪ ಒಳಗೆ ಬಂದರೆ ಸಿಗುವ ನಮ್ಮಂಥ ಅಡಿಕೆ ತೋಟದ ಮನೆಗಳಲ್ಲಿ ಬೇಸಿಗೆಗೆ ಅದರದೇ ಪಾಠಪಟ್ಟಿ ಉಂಟು. ಏಪ್ರಿಲ್ ಮಧ್ಯದಲ್ಲಿ ಬಿಸು. ಕಣಿ ನೋಡಿ ಹಿರಿಯರ ಕಾಲು ಹಿಡಿದ ಎರಡು ಮೂರು ದಿನಕ್ಕೆ, 17ನೇ ತಾರೀಕು, ಪುತ್ತೂರು ಮಹಾಲಿಂಗೇಶ್ವರ ದೇವರ ರಥೋತ್ಸವ. ಮಕ್ಕಳ ಕಣ್ಣು ರಥಕ್ಕಿಂತ ಬೆಡಿಯ ಮೇಲೆಯೇ. ಅಷ್ಟು ಹೊತ್ತಿಗೆ ಕಾಟು ಮಾವಿನ ಹಣ್ಣು ಬೀಳಲು ಸುರು. ತೋಟದಲ್ಲಿ ಕೊಕ್ಕೋ ಕಾಯಿ ಒಡೆದು ಬೀಜ ಚೀಪುವ ಮಕ್ಕಳಿಗೆ, ಇಂಥದೇ ಬೀಜ 1986ರಿಂದ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆಯಲ್ಲಿ ಚಾಕಲೇಟು ಆಗುತ್ತಿದೆಯೆಂದರೆ ಮೊದಲಿಗೆ ನಂಬಿಕೆಯೇ ಬರುವುದಿಲ್ಲ. ಮೇ 24ರ ಆಸುಪಾಸಿನಲ್ಲಿ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ರಜೆಯೂ ಮುಗಿಯಿತು.

ಇವೆಲ್ಲದರ ನಡುವೆ ಹಲಸು. ಹಪ್ಪಳ ಒಬ್ಬರಿಂದ ಆಗುವ ಕೆಲಸವಲ್ಲ. ಕಾಯಿ ಕೊಯ್ಯುವವರೊಬ್ಬರು, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸೊಳೆ ಬಿಡಿಸುವವರು ನಾಲ್ಕು ಮಂದಿ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ಬಿಸಿಯಿರುವಾಗಲೇ ರುಬ್ಬಬೇಕು. ತಣಿದರೆ ಹಿಟ್ಟು ಮಾತು ಕೇಳುವುದಿಲ್ಲ. ಆಮೇಲೆ ಉಂಡೆ ಮಾಡುವವರು, ಎರಡು ಮಣೆಗಳ ನಡುವೆ ಒತ್ತುವವರು, ಒತ್ತಿದ್ದನ್ನು ಹರಿಯದಂತೆ ಎತ್ತಿ ಚಾಪೆಯ ಮೇಲೆ ಹಾಕುವವರು. ಎಂಟು ವರ್ಷದವರಿಗೂ ಎಂಬತ್ತರವರಿಗೂ ಒಂದೊಂದು ಪಾಲು.

ನಮ್ಮಲ್ಲಿ ಉಂಡೆಯ ಪಾಲು ಅತ್ತೆಯದು. ಒಂದು ಕಾಲಕ್ಕೆ ತಕ್ಕಡಿಯಲ್ಲಿ ತೂಗಿದಂತೆ ಒಂದೇ ಅಳತೆಯ ಉಂಡೆ ಕಟ್ಟುತ್ತಿದ್ದವರು. ಈಗ ಕೈ ನಡುಗುತ್ತದೆ. ಒಂದು ಉಂಡೆ ನೆಲ್ಲಿಕಾಯಿಯಷ್ಟಾದರೆ ಮತ್ತೊಂದು ನಿಂಬೆಯಷ್ಟು. ಈ ಸಲ ಮಗ, "ಅಜ್ಜಿ, ನಿಮ್ಮ ಹಪ್ಪಳದಲ್ಲಿ ಭಾರತದ ನಕ್ಷೆ ಕಾಣ್ತದೆ" ಎಂದು ನಕ್ಕ. ಅತ್ತೆಯೂ ನಕ್ಕರು. ಆದರೆ ಮರುದಿನ, "ಸೊಂಟ ನೋವು, ಇವತ್ತು ನಾನು ಕೂರುವುದಿಲ್ಲ" ಎಂದು ಒಳಗೇ ಮಲಗಿದರು.

ಮಗನಿಗೆ ನಾನು ಬುದ್ಧಿ ಹೇಳಲು ಬಾಯಿ ತೆರೆಯುವ ಮೊದಲೇ ಮಗಳು ಹಿಟ್ಟಿನ ಪಾತ್ರೆಯನ್ನು ಅಜ್ಜಿಯ ಮಂಚದ ಹತ್ತಿರಕ್ಕೇ ಒಯ್ದಳು. "ಅಜ್ಜಿ, ನನಗೆ ಉಂಡೆ ಸರಿ ಬರುವುದಿಲ್ಲ. ಸ್ವಲ್ಪ ಹೇಳಿಕೊಡಿ." ಅವಳಿಗೆ ಚೆನ್ನಾಗಿಯೇ ಬರುತ್ತದೆ. ಅದು ಅತ್ತೆಗೂ ಗೊತ್ತಿತ್ತೆಂದು ನನ್ನ ಗುಮಾನಿ. ಹತ್ತು ನಿಮಿಷದಲ್ಲಿ ಸೊಂಟ ನೋವು ಗುಣವಾಯಿತು. ಮಗ ಯಾರೂ ಹೇಳದೆ ಮಣೆ ತಂದು ಪಕ್ಕದಲ್ಲಿ ಕೂತ.

ಅನುಕಂಪ ಎಂಬ ಶಬ್ದದಲ್ಲೇ ಕಂಪನವಿದೆ. ಇನ್ನೊಬ್ಬರ ನಡುಕದ ಜೊತೆಗೆ ತಾನೂ ನಡುಗುವುದು ಎಂದು ಅದರ ಮೂಲಾರ್ಥ. ನೀತಿಪಾಠದ ಪುಸ್ತಕದಲ್ಲಿ ಈ ಅರ್ಥ ಸಿಕ್ಕೀತು. ಆದರೆ ನಡುಗುವ ಕೈಯೊಂದನ್ನು ಹತ್ತಿರದಿಂದ ಕಾಣಬೇಕಾದರೆ ಅದರ ಪಕ್ಕದಲ್ಲಿ, ಬೇರೆ ಅವಸರವಿಲ್ಲದೆ, ಗಂಟೆಗಟ್ಟಲೆ ಕೂತಿರಬೇಕು. ಶಾಲೆಯ ದಿನಗಳಲ್ಲಿ ಅಷ್ಟು ಪುರುಸೊತ್ತು ಯಾವ ಮಗುವಿಗಿದೆ?

ಬೇಸಿಗೆ ಕಲಿಸುವ ಇನ್ನೊಂದು ಪಾಠ ಸಂಜೆಯ ಮಳೆಯದು. ಮೇ ತಿಂಗಳಲ್ಲಿ ಮಧ್ಯಾಹ್ನದ ತನಕ ನೆತ್ತಿ ಸುಡುವ ಬಿಸಿಲು. ನಾಲ್ಕಕ್ಕೆ ಆಕಾಶ ಕಪ್ಪಾಗುತ್ತದೆ. ಅಂಗಳದಲ್ಲಿ ಹಪ್ಪಳ, ಮಾಂಬಳ, ಹಾಸಿದ ಅಡಿಕೆ. ಆಗ ರಸ್ತೆಯಲ್ಲಿ ಹೋಗುವವರೂ ಕೈಚೀಲ ಕೆಳಗಿಟ್ಟು ಒಳಗೆ ಓಡಿ ಬರುತ್ತಾರೆ. ಯಾರ ಮನೆ, ಯಾವ ಜಾತಿ, ಮಾತು ಬಿಟ್ಟವರೋ ಎಂದು ಯಾರೂ ನೋಡುವುದಿಲ್ಲ. ಒದ್ದೆಯಾದ ಅಡಿಕೆಯ ನಷ್ಟ ಏನೆಂದು ಇಲ್ಲಿ ಎಲ್ಲರಿಗೂ ಗೊತ್ತು. ಬಾಚಿ ತುಂಬಿಸಿ, ಬೆಲ್ಲ ನೀರು ಕುಡಿದು, ಮಳೆ ನಿಂತ ಮೇಲೆ ಅವರವರ ದಾರಿ. ನಮ್ಮ ಮಕ್ಕಳೂ ಹೀಗೆ ಎಷ್ಟೋ ಅಂಗಳಗಳಿಗೆ ಓಡಿದ್ದಾರೆ.

ಹಾಗೆಂದು ರಜೆ ಎಲ್ಲರಿಗೂ ಒಂದೇ ರುಚಿಯದ್ದಲ್ಲ. ಅಡಿಕೆ ಸುಲಿಯಲು ಬರುವ ಅಕ್ಕ ರಜೆಯಲ್ಲಿ ಹುಡುಗನನ್ನೂ ಕರೆತರುತ್ತಾರೆ. ಒಂದು ದಿನ ಮಗ ಆಶ್ಚರ್ಯದಿಂದ ಹೇಳಿದ: "ಅಮ್ಮ, ಅವನಿಗೆ ರಜೆಯೇ ಬೇಡವಂತೆ. ಶಾಲೆ ಬೇಗ ಸುರುವಾಗಲಿ ಅಂತಾನೆ!" ಸರಕಾರಿ ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ಉಂಟು, 2013ರಿಂದ ಹಾಲೂ ಉಂಟು. ಬೇಸಿಗೆಯಲ್ಲಿ ಅವಕ್ಕೂ ರಜೆ. 2024ರಲ್ಲಿ ಬರಪೀಡಿತ ತಾಲೂಕುಗಳಲ್ಲಿ ಸರಕಾರ ರಜೆಯಲ್ಲೂ ಊಟ ಕೊಟ್ಟಿತ್ತು. ಹಸಿವೆಗೆ ರಜೆ ಇಲ್ಲವಲ್ಲ. ಇದನ್ನೆಲ್ಲ ನಾನು ಮಗನಿಗೆ ವಿವರಿಸಲಿಲ್ಲ. ಎರಡು ದಿನ ಬಿಟ್ಟು ಅವನೇ ಕೇಳಿದ: "ಅವರ ಮನೆಯಲ್ಲಿ ಮಧ್ಯಾಹ್ನ ಅಡಿಗೆ ಮಾಡಲು ಯಾರೂ ಇರುವುದಿಲ್ಲ ಅಲ್ವಾ?" ಅಂದಿನಿಂದ ತನ್ನ ಬಟ್ಟಲಿನ ಪಕ್ಕದಲ್ಲೇ ಇನ್ನೊಂದು ಬಟ್ಟಲನ್ನು ಅವನೇ ಇಡುತ್ತಾನೆ.

ಇಷ್ಟೆಲ್ಲ ಕನಿಕರ ಕಲಿತ ಮಕ್ಕಳ ಕಣ್ಣಿಗೆ ಅಮ್ಮನೂ ಬೀಳಬೇಕಲ್ಲ! ರಜೆಯಲ್ಲಿ ಎಲ್ಲರಿಗೂ ಬಿಡುವು, ಒಲೆಯ ಮುಂದಿನವಳಿಗೆ ಮಾತ್ರ ದುಪ್ಪಟ್ಟು ಕೆಲಸ. ಅದಕ್ಕೆ ನಮ್ಮ ಮನೆಯಲ್ಲೊಂದು ಕಾನೂನು ಮಾಡಿದ್ದೇನೆ. ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಯಾರೂ "ಅಮ್ಮಾ" ಎನ್ನಬಾರದು. ಬಾಯಾರಿದರೆ ಪುನರ್ಪುಳಿ ಶರಬತ್ತು ತಾವೇ ಮಾಡಿಕೊಳ್ಳಬೇಕು. ಈ ಕಾನೂನು ಮನೆಯ ಯಜಮಾನರಿಗೂ ಅನ್ವಯ. ಮೊದಲ ವಾರ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಪಿಸುಮಾತಿನ ವಿಚಾರಣೆ ನಡೆಯುತ್ತಿತ್ತು. ಈಗ ಕೆಲವು ದಿನ ನನಗೂ ಒಂದು ಲೋಟ ಮುಚ್ಚಿಟ್ಟಿರುತ್ತದೆ.

ಹತ್ತನೇ ತರಗತಿ ಮುಗಿಸಿದ ಮಗಳು ಇನ್ನು ಕೆಲವೇ ದಿನಗಳಲ್ಲಿ ಪಿಯುಸಿಗೆಂದು ಹಾಸ್ಟೆಲಿಗೆ ಹೊರಡುತ್ತಾಳೆ. ಮುಂದಿನ ಬೇಸಿಗೆಗಳು ಸಿಇಟಿ, ನೀಟ್‌ಗಳ ಪಾಲು. ಮೊನ್ನೆ ಸುಮ್ಮನೆ ಲೆಕ್ಕ ಹಾಕಿದೆ. ಅವಳು ಮನೆಯಲ್ಲಿ ಕಳೆದ ಬೇಸಿಗೆಗಳು 16. ಮೊದಲ ನಾಲ್ಕು ಅವಳ ನೆನಪಿನಲ್ಲಿಲ್ಲ. 2020 ಮತ್ತು 2021ರದ್ದು ಕೊರೋನಾ ಹೆದರಿಕೆಯಲ್ಲಿ ಹೋಯಿತು. ಕಳೆದ ವರ್ಷದ್ದನ್ನು ವಿಶೇಷ ತರಗತಿ ನುಂಗಿತು. ಉಳಿದದ್ದು ಒಂಬತ್ತು. ಒಂದು ಬಾಲ್ಯಕ್ಕೆ ಒಂಬತ್ತೇ ಬೇಸಿಗೆ! ಕೈಬೆರಳಲ್ಲಿ ಎಣಿಸಿದರೂ ಒಂದು ಬೆರಳು ಮಿಕ್ಕುತ್ತದೆ.

ಹಾಸ್ಟೆಲಿಗೆ ಒಯ್ಯುವ ಡಬ್ಬಿಗೆ ಹಪ್ಪಳವನ್ನು ಅವಳೇ ಆರಿಸಿಟ್ಟಿದ್ದಾಳೆ. ಹೊರಡುವ ದಿನ ಎಣ್ಣೆಯಲ್ಲಿ ಕಾಯಿಸಿ ತುಂಬುವುದಷ್ಟೇ ನನ್ನ ಕೆಲಸ. ಆರಿಸಿದ್ದರಲ್ಲಿ ಹೆಚ್ಚಿನವು ಅಜ್ಜಿಯ ಸೊಟ್ಟ ಹಪ್ಪಳಗಳು.

ನಿಮ್ಮ ಮಕ್ಕಳದ್ದು ಎಷ್ಟು ಬೇಸಿಗೆ ಬಾಕಿ ಉಂಟು, ನೀವೂ ಒಮ್ಮೆ ಎಣಿಸಿ. ಈ ರಜೆಯಲ್ಲಿ ಇನ್ನೂ ಕೆಲವು ದಿನಗಳಿವೆ. ಹಲಸಿನ ಕಾಯಿ ಸಿಗದಿದ್ದರೆ ಅವಲಕ್ಕಿಯಾದರೂ ಸಾಕು. ಮನೆಮಂದಿಯೆಲ್ಲ ಕೆಳಗೆ ಕೂತು ಒಂದು ಮಧ್ಯಾಹ್ನ ಕಳೆಯಿರಿ. ಮೋಡ ಕಟ್ಟಿದರೆ ಪಕ್ಕದ ಮನೆಯ ಅಂಗಳದ ಕಡೆಗೂ ಒಂದು ಕಣ್ಣಿರಲಿ.