‘ಫಾರ್ಮ್’ ಎಂದರೆ ಹೊಲವಷ್ಟೇ ಅಲ್ಲ

ಇಂಗ್ಲಿಷಿನ ‘ಫಾರ್ಮ್’ ಎಂಬ ಪದಕ್ಕೆ ಅರ್ಥವೇನೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ‘ಹೊಲ’ ಎಂದು ಥಟ್ಟನೆ ಉತ್ತರಿಸುತ್ತಾರೆ. ಕಾಸರಗೋಡಿನ ಮನೆಮಾತಿನಲ್ಲಿ ಇರುವುದು ಗದ್ದೆ, ತೋಟ, ಗುಡ್ಡೆಗಳು. ಹೊಲವೆಂಬುದು ಪುಸ್ತಕದಿಂದ ಬಂದ ಮಾತು. ಹೀಗೆ ಬಾಯಿಪಾಠದ ಒಂದು ಪದದಿಂದ ಮತ್ತೊಂದು ಪದವನ್ನು ಕಲಿಯುವಾಗ ಎರಡರ ಅರ್ಥವೂ ಕೈತಪ್ಪುತ್ತದೆ.

ಫಾರ್ಮ್ ಎಂದರೆ ಬರಿಯ ಉಳುವ ನೆಲವಲ್ಲ. ಮನೆ, ಹಟ್ಟಿ, ಅಂಗಳ, ಗದ್ದೆ ಎಲ್ಲವೂ ಕೂಡಿದ ಬೇಸಾಯದ ಒಂದು ಘಟಕ. ಆದುದರಿಂದಲೇ ಇಂಗ್ಲಿಷಿನವರು ಗದ್ದೆಯಲ್ಲಿ ದುಡಿಯುವುದಕ್ಕೆ ‘ಇನ್ ದ ಫೀಲ್ಡ್’ ಎಂದರೂ, ಫಾರ್ಮಿನ ವಿಷಯದಲ್ಲಿ ‘ಆನ್ ದ ಫಾರ್ಮ್’ ಎನ್ನುತ್ತಾರೆ. ನಮ್ಮ ಸಪ್ತಮಿ ವಿಭಕ್ತಿಯ ‘ಅಲ್ಲಿ’ ಎಂಬ ಪ್ರತ್ಯಯ ಎರಡಕ್ಕೂ ಸಲ್ಲುವುದರಿಂದ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. ಇದೇ ಪದ ಇಂಗ್ಲಿಷಿನಲ್ಲಿ ಕ್ರಿಯಾಪದವೂ ಹೌದು. ನಾವು ‘ಕೃಷಿ’ ಎಂಬ ನಾಮಪದಕ್ಕೆ ‘ಮಾಡು’ ಸೇರಿಸಬೇಕು. ಅವರು ಹಾಗೆಯೇ ಬಳಸುತ್ತಾರೆ.

ಇನ್ನು ‘ಫಾರ್ಮ್ ಔಟ್’ ಎಂದರೆ ಕೆಲಸವನ್ನು ಹೊರಗಿನವರಿಗೆ ವಹಿಸಿಕೊಡುವುದು. ‘ಹೊಲ’ದಿಂದ ಈ ಅರ್ಥ ಹುಟ್ಟುವುದೆಂತು? ಪದದ ಮೂಲ ಮಧ್ಯಕಾಲೀನ ಲ್ಯಾಟಿನ್ನಿನ ‘ಫಿರ್ಮಾ’: ನಿಗದಿಯಾದ ಪಾವತಿ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಮೊದಲು ಗೇಣಿಯನ್ನು, ಬಳಿಕ ಗೇಣಿಗೆ ಕೊಟ್ಟ ಭೂಮಿಯನ್ನು, ಕೊನೆಗೆ ಎಲ್ಲ ಬೇಸಾಯದ ಭೂಮಿಯನ್ನೂ ಸೂಚಿಸಿತು. ತೆರಿಗೆಯ ವಸೂಲಿಯನ್ನು ಗುತ್ತಿಗೆ ಹಿಡಿದವನಿಗೂ ಇದೇ ಹೆಸರಿತ್ತು. 1794ರಲ್ಲಿ ಗಿಲೊಟಿನ್ನಿಗೆ ತಲೆಕೊಟ್ಟ ರಸಾಯನವಿಜ್ಞಾನಿ ಲವಾಸಿಯೇ ಅಂತಹ ಗುತ್ತಿಗೆದಾರರಲ್ಲೊಬ್ಬ, ನೇಗಿಲು ಹಿಡಿದವನಲ್ಲ. ನಮ್ಮ ‘ರೈತ’ ಪದದ ಕಥೆಯೂ ದೂರದ್ದಲ್ಲ. ಅರಬ್ಬಿಯಲ್ಲಿ ಅದರ ಮೂಲಾರ್ಥ ‘ಪ್ರಜೆ’ ಎಂದು. ಎರಡು ಪದಗಳೂ ಮೊದಲು ಹೇಳಿದ್ದು ಮಣ್ಣಿನ ಸಂಬಂಧವನ್ನಲ್ಲ, ಒಡೆಯನ ಸಂಬಂಧವನ್ನು.

ಇದನ್ನು ಅರಿಯಲು ಕಾಸರಗೋಡಿನ ಕನ್ನಡಿಗನಿಗೆ ಬೇರೆ ನಿಘಂಟು ಬೇಕಿಲ್ಲ. ಒಕ್ಕಲು, ಮೂಲಗೇಣಿ, ಚಾಲಗೇಣಿ, ಅಕ್ಕಿಮುಡಿ ಎಂಬ ಮಾತುಗಳು ಅವನ ಅಜ್ಜನ ನಾಲಗೆಯಲ್ಲಿದ್ದವು. 1970ರ ಜನವರಿ 1ರಂದು ಜಾರಿಗೆ ಬಂದ ಕೇರಳದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ಕೊನೆಗೊಳಿಸಿತು. ಅದು ಆಗಬೇಕಾದುದೇ ಆಗಿತ್ತು. ಆ ಪದ್ಧತಿ ಹೋದ ಮೇಲೆ ಅದರ ಮಾತುಗಳೇಕೆ ಎಂದು ಕೆಲವರು ಕೇಳಬಹುದು. ಆದರೆ ಪದಗಳು ಮರೆತುಹೋದರೆ, ಹಿರಿಯರು ಯಾವುದರಿಂದ ಬಿಡುಗಡೆ ಹೊಂದಿದರೆಂಬುದನ್ನು ಹೇಳುವ ಭಾಷೆಯೇ ನಮಗೆ ಉಳಿಯದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಗಡಿನಾಡಿನಲ್ಲಿ ಇಂಗ್ಲಿಷ್ ಕಲಿಕೆ ಕನ್ನಡಕ್ಕೆ ಎದುರಾಳಿಯಾಗಬೇಕಿಲ್ಲ, ಊರ ಕನ್ನಡವೇ ಅದಕ್ಕೆ ಮೆಟ್ಟಿಲಾಗಲಿ. ಗೇಣಿ ಅಳೆದವರು ಈಗ ವೃದ್ಧರು. ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರಿಂದ ಬೇಸಾಯದ ಹತ್ತು ಪದಗಳನ್ನು ಬರೆದು ತಂದರೆ, ನಮ್ಮ ವಿಭಾಗದಲ್ಲಿ ಒಂದು ಪುಟ್ಟ ಪದಕೋಶ ಸಿದ್ಧವಾದೀತು. ತಡಮಾಡಿದರೆ ಕೇಳಲು ಯಾರೂ ಇರಲಾರರು.