ಎರಡು ಆಡಿನವರಿಗೆ ಶೆಡ್ಡು ಬೇಡ, ಹೋತ ಬೇಕು

ಆಡು ಸಾಕಣೆ ಅಂದ ಕೂಡಲೇ ಈಗ ಎಲ್ಲರ ಬಾಯಲ್ಲೂ ಯೂನಿಟ್ಟಿನ ಮಾತು. ಹತ್ತಕ್ಕೆ ಒಂದು, ಇಪ್ಪತ್ತಕ್ಕೆ ಒಂದು, ಅಂದರೆ ಇಷ್ಟು ಹೆಣ್ಣಿಗೆ ಇಷ್ಟು ಹೋತ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ನನ್ನು 2021ರಲ್ಲಿ ಪರಿಷ್ಕರಿಸಿದಾಗ ಉದ್ಯಮ ಯೋಜನೆಗೆ ಇಟ್ಟ ಲೆಕ್ಕ 500 ಹೆಣ್ಣು, 25 ಹೋತ. ಆಮೇಲೆ ಇಳಿಸಿ 100ಕ್ಕೆ 5 ಮಾಡಿದರು. ಕೋಳಿಗಾದರೆ 1000 ತಾಯಿಕೋಳಿ, ಹ್ಯಾಚರಿ ಸಮೇತ. ಬಂಡವಾಳದ ಅರ್ಧ ಸಬ್ಸಿಡಿ. ಒಳ್ಳೆಯದೇ, ಮಾಡಲು ಸಾಧ್ಯ ಇರುವವರು ಮಾಡಲಿ. ಆದರೆ ಒಂದೂವರೆ ಎಕ್ರೆ ಅಡಿಕೆ ತೋಟ, ಹಿತ್ತಲಲ್ಲಿ ಎರಡು ಆಡು, ಹತ್ತು ಕೋಳಿ, ಒಂದು ಬಸಳೆ ಚಪ್ಪರ ಇಟ್ಟುಕೊಂಡ ನಮ್ಮಂಥವರು ಈ ಲೆಕ್ಕದಲ್ಲಿ ಎಲ್ಲಿ ಬರುತ್ತೇವೆ?

"ಹಾಗಾದರೆ ನೀವೂ ಜಾಸ್ತಿ ಮಾಡಿ" ಅನ್ನುತ್ತಾರೆ. ಒಂದು ದೊಡ್ಡ ಆಡಿಗೆ ದಿನಕ್ಕೆ ನಾಲ್ಕೈದು ಕಿಲೋ ಹಸಿ ಸೊಪ್ಪು ಬೇಕು. ಎರಡಕ್ಕೆ ಒಂದು ಹೊರೆ. ಬೇಲಿಯ ಗೊಬ್ಬರದ ಗಿಡ, ಹಲಸಿನ ಗೆಲ್ಲು, ಬಾಳೆ ಎಲೆ, ತೋಟದ ಹುಲ್ಲು ಇದರಲ್ಲೇ ಮುಗಿಯುತ್ತದೆ. ಇಪ್ಪತ್ತಾದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಕ್ವಿಂಟಾಲ್. ಮಳೆಗಾಲದಲ್ಲಿ ಅಷ್ಟನ್ನು ಕೊಯ್ದು ತರುವವರು ಯಾರು? ಅಡಿಕೆ ಕೊಯ್ಯಲಿಕ್ಕೇ ಜನ ಇಲ್ಲ. ಕೊನೆಗೆ ಹಿಂಡಿಗೆ ಮೊರೆ ಹೋಗಬೇಕು, ಹಿಂಡಿ ತಂದ ಮೇಲೆ ಆಡು ಸಾಕುವುದು ನಾವೋ, ಅಂಗಡಿಯವನೋ ಅಂತ ಗೊತ್ತಾಗುವುದಿಲ್ಲ. "ಆಡು ಮುಟ್ಟದ ಸೊಪ್ಪಿಲ್ಲ" ಅನ್ನುವ ಗಾದೆ ಎರಡು ಆಡಿಗೆ ಸರಿ.

ಇನ್ನೊಂದು, ಎರಡು ಆಡಿನ ಆದಾಯವನ್ನು ಬೇರೆಯಾಗಿ ಲೆಕ್ಕ ಹಾಕಿದರೆ ಏನೂ ಕಾಣುವುದಿಲ್ಲ. ನಮ್ಮಲ್ಲಿ ಆಡಿನ ಗೂಡಿಗೆ ಅಡಿಕೆ ದಬ್ಬೆಯ ಅಟ್ಟ, ನೆಲದಿಂದ ಮೂರಡಿ ಎತ್ತರ. ದಬ್ಬೆಯ ಸಂದಿನಿಂದ ಹಿಕ್ಕೆ ಕೆಳಗೆ ಬೀಳುತ್ತದೆ. ಬೆಳಗ್ಗೆ ಕೋಳಿಗಳು ಬಂದು ಅದನ್ನು ಕೆದರಿ ಹುಳ ಹೆಕ್ಕುತ್ತವೆ. ಒಣಗಿದ್ದನ್ನು ಬಾಚಿ ನಾನು ಬಸಳೆ, ತೊಂಡೆ, ಅಲಸಂಡೆಯ ಬುಡಕ್ಕೆ ಹಾಕುತ್ತೇನೆ. ಬಲಿತ ಬಸಳೆ ದಂಟು, ಅಲಸಂಡೆ ಬಳ್ಳಿ ಮತ್ತೆ ಆಡಿಗೆ. ಇದರಲ್ಲಿ ಯಾವುದಕ್ಕೂ ರಶೀದಿ ಇಲ್ಲ. ಮೊಟ್ಟೆ ಮಾರಿದ ದುಡ್ಡು ಮಾತ್ರ ನೇರ ನನ್ನ ಡಬ್ಬಿಗೆ, ಯಜಮಾನರಿಗೆ ಲೆಕ್ಕ ಕೊಡುವ ಕ್ರಮ ನಮ್ಮಲ್ಲಿ ಇಲ್ಲ!

ಹಾಲಿನ ಮಾತು. ನಮ್ಮದು ಮಲಬಾರಿ, ಕಣ್ಣೂರು ಕೋಳಿಕ್ಕೋಡಿನ ಕಡೆಯ ತಳಿ. ಮರಿಗಳಿಗೆ ಬಿಟ್ಟು ಅರ್ಧ ಲೀಟರ್ ಸಿಗುತ್ತದೆ. ಮನೆಯ ಚಾಕ್ಕೆ, ಮಗುವಿನ ಲೋಟಕ್ಕೆ ಸಾಕು. ಕಾಯಿಸದೆ ಮಾತ್ರ ಕುಡಿಯಬಾರದು. ಆಡಿನ ಹಾಲು ನಾತ ಅಂತ ಮೂಗು ಮುರಿಯುವವರಿದ್ದಾರೆ. ಹೋತವನ್ನು ಅದೇ ಗೂಡಿನಲ್ಲಿ ಕಟ್ಟಿ ಅಲ್ಲೇ ಕರೆದರೆ ನಾತ ಬರುವುದೇ. ದೂರ ಕಟ್ಟಿ, ಕೆಚ್ಚಲು ತೊಳೆದು, ಕರೆದ ಕೂಡಲೇ ಕಾಯಿಸಿ ನೋಡಿ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಎರಡು ಆಡಿನ ಮನೆಯಲ್ಲಿ ಹೋತ ಸಾಕಲಿಕ್ಕೆ ಆಗುವುದಿಲ್ಲ, ಅದರ ಮೇವೂ ನಾತವೂ ಎರಡೂ ಭಾರ. ಊರಲ್ಲಿ ಹುಡುಕಿದರೆ ಹೋತವೇ ಇಲ್ಲ. ಗಂಡುಮರಿ ದಪ್ಪಗೆ ಬೆಳೆದರೆ ಮೊದಲು ಅದನ್ನೇ ಮಾರುತ್ತೇವೆ, ಬಕ್ರೀದಿನ ಹೊತ್ತಿಗಂತೂ ಒಳ್ಳೆಯ ಬೆಲೆ. ಯಾರೂ ಕೊಳ್ಳದ ಪೀಚು ಗಂಡು ಉಳಿದು ಊರ ಆಡುಗಳಿಗೆಲ್ಲ ಅದೇ ಗತಿ. ಅದೂ ತನ್ನ ತಾಯಿ, ತಂಗಿಗೇ. ನಾಲ್ಕು ಸೂಲು ಹೀಗೆ ನಡೆದರೆ ಎಂಥ ತಳಿಯೂ ಕುಗ್ಗುತ್ತದೆ. ಆಮೇಲೆ "ಊರ ಆಡಿನಲ್ಲಿ ಹಾಲಿಲ್ಲ, ಹೊರಗಿನ ತಳಿ ತನ್ನಿ" ಅಂತ ನಮಗೇ ಉಪದೇಶ.

ಆಡು ಬೆದೆಗೆ ಬಂದರೆ ಇರುವುದು ಒಂದೆರಡು ದಿನ. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು, ಗಬ್ಬ ಕಟ್ಟಿದ ಮೇಲೆ ಐದು ತಿಂಗಳು. ಎರಡೇ ಆಡು ಇರುವಲ್ಲಿ ಎರಡು ಬೆದೆ ತಪ್ಪಿತೆಂದರೆ ಹಾಲು ಒಂದೂವರೆ ತಿಂಗಳು ಹಿಂದೆ ಹೋಯಿತು. ರಿಕ್ಷಾದಲ್ಲಿ ಆಡನ್ನು ಕೂರಿಸಿಕೊಂಡು ಮೂರು ಊರು ದಾಟಿದವರು ಈ ಪತ್ರಿಕೆಯ ಓದುಗರಲ್ಲೇ ಇರಬಹುದು.

ಕೋಳಿಯ ಕತೆಯೂ ಹೀಗೇ. ಕೊಕ್ಕರೆ ರೋಗ ಬಂದರೆ ಗೂಡೇ ಖಾಲಿ, ಮದ್ದಿಲ್ಲ, ಲಸಿಕೆಯೊಂದೇ ದಾರಿ. ಲಸಿಕೆಯ ಬಾಟ್ಲಿ ಬರುವುದು ನೂರು ಕೋಳಿಗೆ, ಇನ್ನೂರು ಕೋಳಿಗೆ. ಕಲಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯವಳು ಪೇಟೆಯಿಂದ ತಂದು ಏನು ಮಾಡಲಿ? ಹತ್ತು ಮನೆ ಒಂದೇ ದಿನ ಗೊತ್ತು ಮಾಡಿಕೊಂಡರೆ ಒಂದು ಬಾಟ್ಲಿ ಸರಿಹೋಗುತ್ತದೆ. ನಮ್ಮ ಕೇರಿಯಲ್ಲಿ ಹಾಗೆ ಮಾಡುತ್ತಿದ್ದೇವೆ, ಸಂಜೆ ಕೋಳಿ ಗೂಡು ಸೇರಿದ ಮೇಲೆ. ಹಿಡಿಯಲಿಕ್ಕೂ ಸುಲಭ.

ಹಾಗಾಗಿ ನಾವು ಕೇಳಬೇಕಾದ್ದು ಶೆಡ್ಡಲ್ಲ. ಒಂದು ಪಂಚಾಯತಿಗೆ ಒಂದೆರಡು ಒಳ್ಳೆಯ ಹೋತ, ಅವಳಿ ಮರಿಯ, ಹಾಲು ಇರುವ ತಾಯಿಯದ್ದು. ಸಾಕುವವರಿಗೆ ಮೇವಿನ ಖರ್ಚು, ಹಾಯಿಸಿದ್ದಕ್ಕೆ ಇಷ್ಟು ಅಂತ ಒಂದು ದರ. ಎರಡು ವರ್ಷಕ್ಕೊಮ್ಮೆ ಪಕ್ಕದ ಪಂಚಾಯತಿಯ ಹೋತದ ಜೊತೆ ಅದಲುಬದಲು, ಇಲ್ಲದಿದ್ದರೆ ಅದು ತನ್ನ ಮಗಳಿಗೇ ಹಾಯುತ್ತದೆ. ಜೊತೆಗೆ ಕೋಳಿ ಲಸಿಕೆಗೆ ತಿಂಗಳಲ್ಲಿ ಒಂದು ನಿಗದಿಯ ದಿನ, ಆಡಿಗೆ ಪಿಪಿಆರ್ ಲಸಿಕೆ ಹಾಕುವಾಗ ಎರಡು ಆಡಿನ ಮನೆಗೂ ಒಂದು ಸುತ್ತು. ಒಂದು ಶೆಡ್ಡಿನ ಸಬ್ಸಿಡಿಯಲ್ಲಿ ಎಷ್ಟು ಊರಿಗೆ ಹೋತ ಬರುತ್ತದೆ ಅಂತ ಲೆಕ್ಕ ಹಾಕಿ ನೋಡಿ.

ಇದನ್ನು ಬರೆದು ನಾವು ಹದಿನಾಲ್ಕು ಮನೆಯವರು ಸಹಿ ಹಾಕಿ ಗ್ರಾಮಸಭೆಗೆ ಕೊಟ್ಟಿದ್ದೇವೆ. "ಇದಕ್ಕೆ ಯಾವ ಯೋಜನೆಯಲ್ಲಿ ಜಾಗ?" ಅಂತ ಕೇಳಿದರು. ಮುಂದಿನ ಸಭೆಗೆ ಮತ್ತೆ ಹೋಗುವವರಿದ್ದೇವೆ. ಈಚೆ ಗೂಡಿನ ಹೆಣ್ಣು ಸೂಲಿಗೆ ಹತ್ತಿರ ಬಂದಿದೆ. ಗಂಡುಮರಿ ಚೆನ್ನಾಗಿದ್ದರೆ ಈ ಸಲ ಮಾರುವುದಿಲ್ಲ, ಮೂರು ಮನೆ ಸೇರಿ ಸಾಕುವುದೆಂದು ಮಾತಾಗಿದೆ. ನಿಮ್ಮ ಊರಲ್ಲಿ ಹೀಗೆ ಪಾಲಿನ ಹೋತ ಸಾಕುವ ಕ್ರಮ ಇದ್ದರೆ ದರ ಎಷ್ಟು, ಮೇವು ಯಾರದ್ದು, ಜಗಳ ಹೇಗೆ ತೀರಿಸುತ್ತೀರಿ, ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.